ಶುಕ್ರವಾರಕ್ಕೆ ತಿರುಗಿದ ಇಪ್ಪತ್ತಮೂರು ಮ್ಯಾಕ್‌ಗಳು

ನನಗೆ ಯಾರನ್ನೂ ಹೊಗಳಿ ಅಭ್ಯಾಸವಿಲ್ಲ. ಕೃಷ್ಣರಾಜನಗರದ ಈ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಮೊಸರಲ್ಲೂ ಕಲ್ಲು ಹುಡುಕೋರು ಗೌರೀಶ್ ಸಾರ್ ಅಂತ ಹುಡುಗರು ಆಡಿಕೊಳ್ಳುತ್ತಾರೆ, ಅದು ಪೂರ್ತಿ ಸುಳ್ಳೇನಲ್ಲ. ಆದರೂ ಉಷಾರಾಣಿಯ ವಿಷಯ ಹೇಳಲೇಬೇಕು.

ಹೊಸ ಅಗ್ರಹಾರದವಳು. ನನ್ನ ಕೈಕೆಳಗೆ ಮೂರು ತಿಂಗಳ ಮಟ್ಟಿಗೆ ನೋಡೋಣವೆಂದು ತೆಗೆದುಕೊಂಡಿದ್ದರು. ಆ ಮೂರು ತಿಂಗಳು ಮುಗಿಯುವ ಶನಿವಾರದಂದೇ, ಮಧ್ಯಾಹ್ನ ಎರಡಕ್ಕೆ, ಮೈಸೂರಿನ ಮುದ್ರಣ ಕಂಪನಿಯೊಂದು ನಮ್ಮ ಇಪ್ಪತ್ತನಾಲ್ಕು ವಿದ್ಯಾರ್ಥಿಗಳಿಗೆ ಕೆಲಸದ ಪರೀಕ್ಷೆ ಇಟ್ಟಿತ್ತು. ಹೊಸದಾಗಿ ಬಂದ ಇಪ್ಪತ್ತನಾಲ್ಕು ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಪುಟ ಕಟ್ಟುವ, ಚಿತ್ರ ತಿದ್ದುವ ಸಾಫ್ಟ್‌ವೇರ್‌ಗಳೆಲ್ಲ ಅಷ್ಟರೊಳಗೆ ಕೂತಿರಬೇಕು. ಅದಾದರೆ ಉಷಾರಾಣಿಯ ಕೆಲಸ ಕಾಯಂ, ಇಲ್ಲದಿದ್ದರೆ ಸೋಮವಾರದಿಂದ ಬರಬೇಡ ಎಂದು ಮಾಲೀಕರಾದ ಕಂಠಪ್ಪನವರು ಮುಲಾಜಿಲ್ಲದೆ ಹೇಳಿದ್ದರು.

ನಾನಾಗಿದ್ದರೆ ಒಂದೊಂದು ಮೆಷಿನ್ ಮುಂದೆ ಕೂತು ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಒಂದು ವಾರ ಕಳೆಯುತ್ತಿದ್ದೆ. ಉಷಾರಾಣಿ ಶುಕ್ರವಾರವಿಡೀ ಒಂದೇ ಮೆಷಿನ್ ಮುಂದೆ ಕೂತಳು. ಬೇಡದ್ದನ್ನು ಕಿತ್ತಳು, ಕನ್ನಡ ಫಾಂಟ್‌ಗಳನ್ನು ಸೇರಿಸಿದಳು, ಸಾಫ್ಟ್‌ವೇರ್ ಕೇಳುವ ಪ್ರತಿ ಪ್ರಶ್ನೆಗೂ ಉತ್ತರ ಮೊದಲೇ ಬರೆದಿಟ್ಟು ಎಲ್ಲವನ್ನೂ ಒಂದೇ ಪ್ಯಾಕೇಜ್ ಮಾಡಿದಳು. ಈ ಮೆಷಿನ್ನಿಂದ ಕಳಿಸಿದರೆ ಉಳಿದವುಗಳಲ್ಲಿ ಯಾರೂ ಮುಟ್ಟದೆ ತಾನೇ ಕೂರಬೇಕು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

"ಗದ್ದೆಗೆ ಬುತ್ತಿ ಕಟ್ಟಂಗೆ ಕಣ್ ಸಾ," ಅಂದಳು. "ಅಲ್ಲೋದ್ಮೇಲೆ ಉಪ್ಪಿಲ್ಲ ಅಂದ್ರೆ ಮನೆಗೆ ವಾಪಸ್ ಓಡಾಕಾಯ್ತದಾ?"

ಪ್ಯಾಕೇಜೇನೋ ಸಿದ್ಧವಾಯಿತು, ಆದರೆ ಸಾಫ್ಟ್‌ವೇರ್ ತೆರೆಯಲು ಬೇಕಾದ ಲೈಸೆನ್ಸ್ ಬಂದದ್ದು ಶನಿವಾರ ಬೆಳಿಗ್ಗೆ. ಕಂಠಪ್ಪನವರಿಗೆ ಶನಿವಾರ ಹೊಸ ಕೆಲಸ ಶುರು ಮಾಡುವುದೆಂದರೆ ಆಗದು. ಏನಾದರೂ ಮಾಡಯ್ಯ ಎಂದು ನನಗೆ ಫೋನ್ ಮಾಡಿ ಗೊಣಗಿದರು. ಉಷಾರಾಣಿ ತಿಂಡಿಗೆ ಹೋದಾಗ ನಾನು ನನ್ನ ಬುದ್ಧಿ ತೋರಿಸಿದೆ. ಅವಳು ಕೂತಿದ್ದ ಮೆಷಿನ್ ಬಿಟ್ಟು ಉಳಿದ ಇಪ್ಪತ್ತಮೂರರಲ್ಲೂ ತಾರೀಕನ್ನು ಒಂದು ದಿನ ಹಿಂದಕ್ಕೆ ತಿರುಗಿಸಿದೆ. ಮೆಷಿನ್ನಿಗೆ ಇವತ್ತು ಶುಕ್ರವಾರ, ಲಕ್ಷ್ಮಿಯ ದಿನ. ಹೇಗೆಂದು ಬಿಡಿಸಿ ಹೇಳದೆ, ಕೆಲಸ ಶುಕ್ರವಾರದ ಲೆಕ್ಕಕ್ಕೇ ಬೀಳುತ್ತದೆ ಎಂದಾಗ ಕಂಠಪ್ಪನವರು ಖುಷಿಯಾದರು. ಸುಳ್ಳು ಯಾಕೆ, ನನಗೂ ಸಮಾಧಾನವಾಯಿತು.

ಅವಳು ಬಂದು ಒಂದೇ ಗುಂಡಿ ಒತ್ತಿದಳು. ಇಪ್ಪತ್ತಮೂರು ಪರದೆಗಳಲ್ಲಿ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಒಟ್ಟಿಗೆ ತುಂಬತೊಡಗಿತು. ನಾಟಿಯವರು ಸಾಲು ಹಿಡಿದಂತಿತ್ತು, ಒಂದೂ ಹಿಂದೆ ಬೀಳಲಿಲ್ಲ. ಹನ್ನೊಂದು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ.

ಹನ್ನೆರಡಕ್ಕೆ ಎಲ್ಲ ಮುಗಿಯಿತು. ತೆರೆದು ನೋಡಿದರೆ ಸಾಫ್ಟ್‌ವೇರ್ ಅವಳ ಮೆಷಿನ್ನಿನಲ್ಲಿ ಮಾತ್ರ ತೆರೆಯಿತು. ಉಳಿದ ಇಪ್ಪತ್ತಮೂರೂ ಲೈಸೆನ್ಸ್ ಸರಿಯಿಲ್ಲ ಎಂದವು. ಪಿರಿಯಾಪಟ್ಟಣದ ಕಡೆಯ ವಿದ್ಯಾರ್ಥಿಗಳು ಆಗಲೇ ಬಸ್ಸಿಳಿದು ವರಾಂಡದಲ್ಲಿ ಕೂತಿದ್ದರು. ಕಂಠಪ್ಪನವರು ಬಂದು ಬಾಗಿಲಲ್ಲಿ ನಿಂತರು. ಹೊಸಬರನ್ನು ನಂಬಿದರೆ ಹೀಗೇ ಆಗುವುದು ಎಂದು ಅವಳಿಗೆ ಕೇಳುವಂತೆಯೇ ಹೇಳಿದೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಮತ್ತೆ ಮೆಷಿನ್ ಮುಂದೆ ಕೂತಳು. ತನ್ನ ಪ್ಯಾಕೇಜನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಎದ್ದು ಒಂದೊಂದೇ ಪರದೆ ನೋಡುತ್ತಾ ನಡೆದು, ನಾಲ್ಕನೆಯದರ ಮುಂದೆ ನಿಂತು ಮೇಲಿನ ಮೂಲೆಯಲ್ಲಿದ್ದ ತಾರೀಕನ್ನು ನೋಡಿದಳು. ಲೈಸೆನ್ಸ್ ಶನಿವಾರದ್ದು. ಮೆಷಿನ್ ಶುಕ್ರವಾರದಲ್ಲಿದೆ. ನಾಳೆಯ ಕಾಗದವನ್ನು ಅದು ಹೇಗೆ ಒಪ್ಪೀತು? ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬನೇ ಇದ್ದವನು ನಾನು. 

ಅವಳು ಕೂತು ಒಂದು ಪುಟ್ಟ ಪ್ಯಾಕೇಜ್ ಮಾಡಿದಳು. ಮೊದಲು ತಾರೀಕು ಸರಿಮಾಡಬೇಕು, ಆಮೇಲೆ ಲೈಸೆನ್ಸ್ ಓದಬೇಕು, ಅಷ್ಟೇ. ಕಳಿಸಿದ ಹತ್ತು ನಿಮಿಷದಲ್ಲಿ ಇಪ್ಪತ್ತಮೂರೂ ತೆರೆದುಕೊಂಡವು. ಗಂಟೆ ಒಂದೂಕಾಲು.

ತಪ್ಪು ಯಾರದು ಎಂದು ಕಂಠಪ್ಪನವರು ಕೇಳಿದರು.

"ನಂದೇ ಸಾ," ಅಂದಳು ಉಷಾರಾಣಿ. "ತಾರೀಕು ಸರಿ ಐತಾ ಅಂತ ಪ್ಯಾಕೇಜೇ ಮೊದ್ಲು ನೋಡ್ಕೋಬೇಕಿತ್ತು. ಬುತ್ತಿಗೆ ಉಪ್ಪಾಕೋದ ಮರ್ತಿದ್ದೆ."

ಅವಳ ಕೆಲಸ ಉಳಿಯುವುದು ಇನ್ನೂ ಕಂಠಪ್ಪನವರ ಕೈಯಲ್ಲೇ ಇತ್ತು. ಆದರೂ ನನ್ನ ಮಾನ ಉಳಿಸಿದಳು. ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ. ತಾರೀಕು ತಿರುಗಿಸಿ ಕೆಡಿಸಿದವನು ನಾನು, ಅವಳ ಕೆಲಸದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ ಎಂದು ವಿದ್ಯಾರ್ಥಿಗಳ ಮುಂದೆಯೇ ಹೇಳಿಬಿಟ್ಟೆ.

ಕಂಠಪ್ಪನವರು ನನ್ನನ್ನು ನೋಡಿದರು, ತೆರೆದುಕೊಂಡ ಪರದೆಗಳನ್ನು ನೋಡಿದರು. ಇವಳ ಕಾಯಂ ಪತ್ರ ಟೈಪ್ ಮಾಡು ಎಂದರು. ಶನಿವಾರವಲ್ಲವೇ, ಸೋಮವಾರದ ತಾರೀಕು ಹಾಕಲೇ ಎಂದು ಕೇಳಿದೆ.

"ಬ್ಯಾಡ ಕಣಯ್ಯ," ಅಂದರು. "ಇವತ್ತಿಂದೇ ಆಕು."