ನವಿಲಿನ ಪುಟ

ಹುಳಕ್ಕೂ ಒಂದು ರುಚಿ ಇರ್ತೈತಿ ನೋಡ್ರಿ. ಕುಬೇರಪ್ಪ ಸಾವ್ಕಾರ್ರ ಗಾಜಿನ ಕಪಾಟಿನ್ಯಾಗ ಹೊಕ್ಕ ಹುಳ ಎಂಟು ಪುಸ್ತಕ ಜರಡಿ ಮಾಡಿ, ಒಂಬತ್ತನೇದನ್ನ ಮೂಸಿ ಸೈತ ನೋಡಿರಲಿಲ್ಲ. ಅದಕ್ಕ ನನಗ ಸಂಶೆ ಬಂತು.

ನಾನು ಶಾಕೀರಾ. ಸವಣೂರ ಪ್ಯಾಟ್ಯಾಗ ನಮ್ಮದು ಬೈಂಡಿಂಗ್ ಅಂಗಡಿ. ನಮ್ಮಪ್ಪ ಖಾದರಸಾಬ ಕಟ್ಟಿ ಬೆಳಿಸಿದ್ದು. ಈಗ ಅವನ ಕಣ್ಣು ಮಂಜಾಗ್ಯಾವ, ಒಳಗ ಮಂಚದ ಮ್ಯಾಲ ಕುಂತು ಬರೇ ಕಿವೀಲೆ ಅಂಗಡಿ ನಡಸ್ತಾನ. ನಾ ರಟ್ಟು ಕತ್ತರಸೂ ಸಪ್ಪಳ ಕೇಳಿ, ಅಡ್ಡ ಹೊಂಟೈತಿ ನೋಡು ಅಂತಾನ. ಖರೇನ ಅಡ್ಡ ಹೋಗಿರ್ತೈತಿ.

ಹತ್ತಿಮತ್ತೂರಿನ ಕುಬೇರಪ್ಪ ಸಾವ್ಕಾರ್ರಿಗೆ ಕಾರ್ಟೂನಿಸ್ಟರ ಹುಚ್ಚು. ವಾರಪತ್ರಿಕಿಗೆ ಬರಿಯೋರ ಸಹಿ ಇರೋ ಪುಸ್ತಕ, ಅವರು ಬಳಸಿ ಬಿಟ್ಟ ಪೆನ್ನು, ಒಡದ ಚಷ್ಮಾ, ಹೊಸ ವರ್ಷಕ್ಕ ಕಳಿಸಿದ ಕಾರ್ಡು, ಎಲ್ಲಾ ಕೂಡಿಹಾಕ್ಯಾರ. ಒಬ್ಬರ ಚಪ್ಪಲಿ ಸೈತ ಅದಾವಂತ. ಬಂದೋರಿಗೆಲ್ಲಾ ಕಪಾಟು ತಗದು ತೋರಸ್ತಾರ, ಇವರು ನನಗ ಭಾಳ ಬೇಕಾದವ್ರು ಅಂತಾರ. ಆದ್ರ ಒಂದು ಕಾರ್ಟೂನು ನೋಡಿ ಸಾವ್ಕಾರ್ರು ನಕ್ಕಿದ್ದನ್ನ ಇವತ್ತಿನತನಕ ನಾ ಕಂಡಿಲ್ಲ.

ನಗೋದು ನಮ್ಮಪ್ಪ. ವಾಚನಾಲಯದ ವಾರಪತ್ರಿಕಿ ವರ್ಷಕ್ಕೊಮ್ಮೆ ಬೈಂಡಿಂಗಿಗೆ ನಮ್ಮಲ್ಲೇ ಬರ್ತಿದ್ವು. ಅಪ್ಪ ಸೂಜಿ ಕೈಯಾಗ ಹಿಡಕೊಂಡು, ಹೊಲಿಯೋದು ಬಿಟ್ಟು, ಕಾರ್ಟೂನಿನ ಪುಟ ನೋಡಿ ಒಬ್ಬನ ನಗ್ತಿದ್ದ. ಆ ಪತ್ರಿಕಿಯ ಕಾರ್ಟೂನಿಸ್ಟು ಒಮ್ಮೆ ಹಿರೇಕೆರೂರಿಗೆ ಸಮಾರಂಭಕ್ಕ ಬಂದಾಗ, ಅಪ್ಪ ಅಂಗಡಿಗೆ ಕೀಲಿ ಹಾಕಿ, ಬಸ್ಸು ಹತ್ತಿ, ಅವರ ಪುಸ್ತಕಾನ ತಾನ ಹೊಸದಾಗಿ ಕೆಂಪು ಬಟ್ಟಿ ಹಾಕಿ ಕಟ್ಟಿ ಒಯ್ದಿದ್ದ. ಅವರು ಆ ಕಟ್ಟು ನೋಡಿ ಖುಷಿಯಾಗಿ, ಯಾವೂರಪ್ಪಾ ಅಂತ ಕೇಳಿದ್ರಂತ. ಸವಣೂರ್ರಿ, ಬಾಜೂಕ ಬಂಕಾಪುರದ ಕೋಟ್ಯಾಗ ನವಿಲು ಭಾಳ ಅದಾವು ಅಂತ ಇವ ಹೇಳ್ಯಾನ. ಮೊದಲ್ನೇ ಪುಟದಾಗ ಅವರು ಒಂದು ನವಿಲು ಬರದು, ಅದಕ್ಕ ಚಷ್ಮಾ ಹಾಕಿ, ಗರಿ ಒಂದೊಂದನ್ನೂ ಪುಸ್ತಕದ ಹಾಳೀಗತೆ ಮಗಚೂ ಹಂಗ ಮಾಡಿ, ಕೆಳಗ 'ಖಾದರಸಾಬರಿಗೆ ಪ್ರೀತಿಯಿಂದ' ಅಂತ ಬರದು ಸಹಿ ಹಾಕಿ ಕೊಟ್ರು. ನಮ್ಮ ಮನ್ಯಾಗ ಟಿ.ವಿ. ಬರೋಕಿಂತ ಮೊದಲು ಬೀಗರು ಬಿಜ್ಜರು ಬಂದ್ರ ಆ ನವಿಲನ್ನ ತೋರಸ್ತಿದ್ವಿ.

ಹನ್ನೊಂದು ವರ್ಷದ ಹಿಂದ ಆ ಪುಸ್ತಕ ಮನಿಯಿಂದ ಮಾಯ ಆತು.

ನನ್ನ ಗಂಡ ಇರ್ಫಾನ ಆಗ ಅಂಗಡ್ಯಾಗ ಕಟಿಂಗ್ ಮಷೀನ್ ಮ್ಯಾಲಿದ್ದ. ಪ್ರತೀ ಶನಿವಾರ ಕತ್ತರಿಸಿ ಉಳಿದ ಕಾಗದ, ಹಳೇ ರದ್ದಿ ಚೀಲಕ್ಕ ತುಂಬಿ ಬಂಕಾಪುರಕ್ಕ ಒಯ್ದು ಹಾಕಿ ಬರ್ತಿದ್ದ. ಅಪ್ಪ ಒಂದಿನ ಉಣ್ಣಾಕ ಕುಂತಾಗ, ಪುಸ್ತಕ ಇಲ್ಲ ಅಂದ. ಆಮ್ಯಾಲೆ ಇರ್ಫಾನನ್ನ ನೋಡಿ, ಚೀಲದಾಗ ಏನೇನು ಹೋಗ್ತೈತೋ ದೇವರಿಗೆ ಗೊತ್ತು ಅಂದ. ಅಷ್ಟ. ಇರ್ಫಾನ ಅರ್ಧ ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದ. ಮರುದಿನದಿಂದ ಶಿಗ್ಗಾವಿಯೊಳಗ ಬಾಡಿಗಿ ಟಂಟಂ ಗಾಡಿ ಓಡಿಸಿದ. ನಮ್ಮಪ್ಪನ ಮನಿ ನೀರು ಸೈತ ಮುಟ್ಟಲಿಲ್ಲ. ಪ್ಯಾಟ್ಯಾಗ ಮಂದಿ ಅವನ ಬೆನ್ನ ಹಿಂದ, ಮಾವನ ಮನೀಗೆ ಕನ್ನ ಹಾಕಿದ ಅಳಿಯ ಅಂತಿದ್ರು.

ನಾನು? ನೀ ಒಯ್ದಿಲ್ಲ ಅಂತ ನನಗ ಗೊತ್ತೈತಿ ಅಂತ ನಾ ಅವಗ ಒಮ್ಮೆನೂ ಹೇಳಲಿಲ್ಲ. ತಪ್ಪಿ ಚೀಲದಾಗ ಹೋಗಿರಬೇಕು ಬಿಡು ಅಂತಿದ್ದೆ. ಹೋದ ವರ್ಷ ಎರಡೂ ಕಿಡ್ನಿ ಹೋಗಿ ದವಾಖಾನಿಯೊಳಗ ಮಲಗಿದಾಗ, ಅವ ನನ್ನ ಕೈ ಹಿಡದು ಒಂದ ಮಾತು ಕೇಳಿದ.

"ನಾ ಒಯ್ದಿಲ್ಲ ಶಾಕೀರಾ. ನೀನರ ನಂಬ್ತೀಯಿಲ್ಲ?"

ನಂಬ್ತೇನಿ ಅಂದೆ. ಅವ ನನ್ನ ಮಾರಿ ನೋಡಿ ಕಣ್ಣು ಮುಚ್ಚಿಕೊಂಡ. ನಾ ಅಂದದ್ದು ಸುಳ್ಳು ಅಂತ ಅವಗೂ ತಿಳೀತು, ನನಗೂ ತಿಳೀತು. ಅವ ಮತ್ತ ಕಣ್ಣು ತಗೀಲಿಲ್ಲ.

ಈಗ ಸಾವ್ಕಾರ್ರ ಕಾರಕೂನ ಉಡಚಪ್ಪ ಒಂಬತ್ತು ಪುಸ್ತಕ ತಂದು ಒಗದು ಹ್ವಾದ. ಹಾನಗಲ್ಲಿನ್ಯಾಗ ಸಾವ್ಕಾರ್ರ ಸಂಗ್ರಹದ ಪ್ರದರ್ಶನ ಐತಂತ, ಸೋಮವಾರದೊಳಗ ರಿಪೇರಿ ಆಗಬೇಕಂತ. ಒಂಬತ್ತನೇದಕ್ಕ ಹುಳ ಹಿಡದಿರಲಿಲ್ಲ, ತಗದು ತಗದು ತೋರಿಸಿ ಬೆನ್ನು ಅಷ್ಟ ಕಿತ್ತಿತ್ತು. ಮ್ಯಾಲಿನ ಬಟ್ಟಿ ಹಸರು. ಅದನ್ನ ಕಿತ್ತೆ. ಒಳಗ ಕೆಂಪು ಬಟ್ಟಿ.

ಮೊದಲ್ನೇ ಪುಟ ತಗದೆ. ಚಷ್ಮಾ ಹಾಕ್ಕೊಂಡು ನವಿಲು ನಿಂತಿತ್ತು. ಕೆಳಗ 'ಕುಬೇರಪ್ಪನವರಿಗೆ ಪ್ರೀತಿಯಿಂದ' ಅಂತ ಇತ್ತು.

ಕಳ್ಳ ಸಿಕ್ಕ ಅಂತ ನನಗ ಮೊದಲು ಖುಷಿನ ಆತು, ಸುಳ್ಳ್ಯಾಕ ಹೇಳ್ಲಿ. ಹೆಸರಿನ ಮ್ಯಾಲ ಕೈ ಆಡಿಸಿದೆ. ಅಲ್ಲೊಂದು ಕಾಗದದ ಪಟ್ಟಿ ಹಚ್ಚಿದ್ರು, ಆದ್ರ ಅದರ ಅಂಚು ಬೆರಳಿಗೆ ಹತ್ತವಲ್ಲದು. ಬೆಳಕಿಗೆ ಹಿಡದೆ. ಪಟ್ಟಿಯ ಸುತ್ತ ತೆಳ್ಳಗ ನೀಲಿ ಛಾಯಾ. ಮೈದಾ ಅಂಟಿನ್ಯಾಗ ಹುಳ ಬರಬಾರದಂತ ಎಲ್ಲಾರೂ ಚಿಟಿಕಿ ಮೈಲುತುತ್ತ ಹಾಕ್ತಾರ, ನಮ್ಮಪ್ಪ ಒಬ್ಬನ ಕಾಗದ ನೀಲಿ ಆಗೂಹಂಗ ಹಾಕೋದು. ಪಟ್ಟಿಯ ಅಂಚು ಬ್ಲೇಡಿನಿಂದ ಹೆರೆದು ಕಾಗದದಾಗ ಕಾಗದ ಕೂಡಿಸೂದು ಈ ತಾಲೂಕಿನ್ಯಾಗ ಇಬ್ಬರಿಗೆ ಗೊತ್ತು. ಒಬ್ಬಾಕಿ ನಾನು. ನಾ ಹಚ್ಚಿರಲಿಲ್ಲ.

ಪುಸ್ತಕ ಒಯ್ದು ಅಪ್ಪನ ತೊಡಿ ಮ್ಯಾಲ ಇಟ್ಟೆ. ಅವ ಬೆನ್ನ ಹೊಲಿಗಿ ಮ್ಯಾಲ ಬೆರಳಾಡಿಸಿದ, ಮೊದಲ್ನೇ ಪುಟಕ್ಕ ಬಂದ, ಪಟ್ಟಿಯ ಮ್ಯಾಲ ಬೆರಳು ನಿಂತ್ವು. ಆಮ್ಯಾಲೆ ಒಂದೊಂದ ಹೇಳಿದ. ಕಾರ್ಟೂನಿಸ್ಟು ತೀರಿಕೊಂಡ ಮ್ಯಾಲ ಸಾವ್ಕಾರ್ರ ಕಪಾಟಿನ್ಯಾಗ ಅವರ ಸಹಿ ಒಂದೂ ಇರಲಿಲ್ಲಂತ. ವಾಚನಾಲಯದ ಕಮಿಟಿಗೆ ಸಾವ್ಕಾರ್ರ ಅಧ್ಯಕ್ಷರು, ಬೈಂಡಿಂಗ್ ಕೆಲಸ ಹುಬ್ಬಳ್ಳಿಯವರಿಗೆ ಕೊಡೋಣೇನು ಅಂತ ನಕ್ಕೋತ ಕೇಳಿದ್ರಂತ. ಪುಸ್ತಕ ಕೊಟ್ಟು, ತನ್ನ ಹೆಸರು ತಾನ ಮುಚ್ಚಿ ಬಂದಿದ್ದ.

"ಅದನ್ನ ನಮಗ ಹೇಳಿದ್ರ ಏನಾಗ್ತಿತ್ತಪ್ಪಾ?"

"ನಿಮ್ಮ ಮುಂದ ನನ್ನ ಮಾನ ಹೋಗ್ತಿತ್ತು."

"ಇರ್ಫಾನಂದು?"

ಅಪ್ಪ ಪುಸ್ತಕ ಮುಚ್ಚಿದ. "ಯಾರದರ ಹೆಸರು ಬೇಕಾಗಿತ್ತವ್ವಾ," ಅಂದ. "ಅವ ಹೊರಗಿನಂವ."

ಹೊರಗಿನಂವ! ಹದಿನಾಲ್ಕು ವರ್ಷ ಇವನ ಮಷೀನಿಗೆ ಎಣ್ಣಿ ಬಿಟ್ಟಂವ, ಇವಗ ಚಷ್ಮಾ ಮಾಡಿಸಿ ತಂದಂವ. ಒದ್ದಿ ಬಟ್ಟಿ ಆ ಕಾಗದದ ಪಟ್ಟಿ ಮ್ಯಾಲ ಇಟ್ಟೆ, ನೆನದ ಮ್ಯಾಲ ಬ್ಲೇಡಿನ ತುದೀಲೆ ಎಬ್ಬಿಸಿದೆ. ಖಾದರಸಾಬ ಹೊರಗ ಬಂದ. ಮಸಿ ಒಂದಿಷ್ಟೂ ಮಾಸಿರಲಿಲ್ಲ.

ರವಿವಾರ ಸಾವ್ಕಾರ್ರು ತಾವ ಬಂದ್ರು. ಪುಟ ನೋಡಿದ್ರು. ಇದು ನಮ್ಮ ಪುಸ್ತಕ್ರಿ ಅಂದೆ. ಅವರು ಸಿಟ್ಟಿಗೇಳಲಿಲ್ಲ, ಖುರ್ಚಿ ಎಳಕೊಂಡು ಕುಂತು, ನಿಮ್ಮಪ್ಪನ ತನ್ನ ಕೈಯಾರೆ ಕೊಟ್ಟಾನ, ಅವನ್ನ ಕೇಳವ್ವಾ ಅಂದ್ರು. ಇದು ಎಲ್ಲಾರಿಗೂ ಗೊತ್ತಾಗ್ಲಿ, ಹಾನಗಲ್ಲಿಗೆ ನಾನೂ ಬಂದು ಹೇಳ್ತೇನಿ ಅನ್ನಾಕ ಬಾಯಿ ತಗದೆ.

ಒಳಗಿಂದ ಅಪ್ಪ ಗ್ವಾಡಿ ಹಿಡಕೊಂಡು ಬಂದ. ಅವ ಅಂಗಡಿಗೆ ಬಂದು ಎರಡು ವರ್ಷ ಆಗಿತ್ತು.

"ನಮಸ್ಕಾರ್ರಿ ಸಾವ್ಕಾರ್ರ. ಹುಡುಗಿಗೆ ತಿಳೀಲಿಲ್ಲ, ಪಟ್ಟಿ ಬಿಚ್ಯಾಳ. ನಾ ಹಚ್ಚಿ ಕೊಡ್ತೇನಿ, ಕುಂತ್ರಿ."

ತನ್ನ ಜಾಗಾದಾಗ ಕುಂತ. ಪಟ್ಟಿ ಕೇಳಿದ, ಬ್ರಷ್ ಕೇಳಿದ, ನನಗ ಅಂಟು ಕಾಸಿಕೊಂಡು ಬಾ ಅಂದ. ನಾ ಇರ್ಫಾನನ ಹೆಸರು ಎತ್ತಿದ್ರ ಇವ ಇನ್ನೊಮ್ಮೆ ಅವನ್ನ ಕಳ್ಳ ಅಂತಾನ, ಖರೇ ಏನಂತ ಗೊತ್ತಿದ್ದ ಸಾವ್ಕಾರ್ರ ಎದುರಿಗೇನ, ತಲಿ ಎತ್ತಿ ಅಂತಾನ. ಅದು ನನಗ ಆಗ ತಿಳೀತು. ಒಳಗ ಹೋಗಿ ಒಲಿ ಹಚ್ಚಿದೆ.

ಅಪ್ಪ ಬೆರಳಿಲೆ ತನ್ನ ಹೆಸರು ಎಲ್ಲೈತಿ ಅಂತ ಹುಡುಕಿ, ಅದರ ಮ್ಯಾಲ ಕರೆಕ್ಟ್ ಪಟ್ಟಿ ಕೂಡಿಸಿದ. ಉಳಿದ ಅಂಟು ಬೆನ್ನಿಗೂ, ಎರಡೂ ರಟ್ಟಿಗೂ ಬಳದ. ಸಾವ್ಕಾರ್ರು, ಕೈ ಅಂದ್ರ ಕೈ ಖಾದರಸಾಬ ಅಂದ್ರು. ಅಪ್ಪ ಎಷ್ಟೋ ವರ್ಷದ ಮ್ಯಾಲ ನಕ್ಕ. ಆಮ್ಯಾಲೆ ನನ್ನ ಕಡೆ ಮಾರಿ ತಿರಗಿಸಿ ಕೇಳಿದ.

"ಮೈಲುತುತ್ತ ಹಾಕೀಯಿಲ್ಲವ್ವಾ?"

"ಹಾಕೇನಪ್ಪಾ," ಅಂದೆ.

ಮೈಲುತುತ್ತದ ಡಬ್ಬಿ ನಾ ಮುಟ್ಟಿರಲಿಲ್ಲ. ಬರೇ ಮೈದಾ, ನೀರು, ಮ್ಯಾಲ ಒಂದು ಚಮಚಾ ಸಕ್ಕರಿ. ಹುಳ ಮೊದಲು ಕುಬೇರಪ್ಪನ್ನ ತಿಂತಾವ, ಆಮ್ಯಾಲೆ ಖಾದರಸಾಬನ್ನ, ಆಮ್ಯಾಲೆ ನವಿಲನ್ನ. ನಾ ಪುಸ್ತಕ ಕಾಗದದಾಗ ಸುತ್ತಿ, ದಾರ ಕಟ್ಟಿ, ಸಾವ್ಕಾರ್ರ ಕೈಯಾಗ ಕೊಟ್ಟೆ.