ಅತ್ತೆಯ ಆಯುಸ್ಸು

ಹೊಸ ನಿಯಮದ ಸುದ್ದಿ ರೇಡಿಯೋದಲ್ಲಿ ಬಂದಾಗ ಸೊಸೆ ದರ್ಜಿ ಅಂಗಡಿಯಲ್ಲಿ ಒಂದು ಪ್ಯಾಂಟಿನ ಅಂಚು ಬಿಚ್ಚುತ್ತ ಕುಳಿತಿದ್ದಳು. ಆಶ್ರಯದ ಅರ್ಜಿಯ ಸಂದರ್ಶನಕ್ಕೆ ಇನ್ನು ಹನ್ನೆರಡೇ ದಿನ ಉಳಿದಿತ್ತು.

ಆಶ್ರಯ ಕೇಳಿ ಬಂದವರ ಪಾಲಿಗೆ ಇನ್ನು ಮೇಲೆ ಕುಟುಂಬವೆಂದರೆ ಗಂಡ, ಹೆಂಡತಿ, ಹೆತ್ತವರು, ಹೆತ್ತ ಮಕ್ಕಳು ಮಾತ್ರ. ಅಣ್ಣತಮ್ಮಂದಿರು, ಅಳಿಯ, ಸೊಸೆ, ಇನ್ಯಾರೇ ಇದ್ದರೂ ಬೇರೆಯೇ ಅರ್ಜಿ ಹಾಕಿ ಸರದಿಯಲ್ಲಿ ಕಾಯಬೇಕು ಎಂದು ವಾರ್ತೆ ಓದುವವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ನಂತರ ಹವಾಮಾನದ ವಿಚಾರಕ್ಕೆ ಹೋದಳು. ಸೊಸೆಯ ಕೈ ನಿಂತಿತು. ಅವಳಿಗೆ ಮೂವತ್ತೆರಡು ವರ್ಷ. ಗಟ್ಟಿಮುಟ್ಟಾದ ಒಂಟಿ ಹೆಂಗಸು ಬೇರೆ ಅರ್ಜಿ ಹಾಕಿದರೆ ಗಡಿಯ ಶಿಬಿರಕ್ಕೆ ವಾಪಸು ಹೋಗಿ ಅಲ್ಲಿಂದಲೇ ಕಾಯಬೇಕು ಎನ್ನುವುದು ಅವಳು ವಾಸವಿದ್ದ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

"ಸರಿಯಾಗೇ ಮಾಡಿದ್ದಾರೆ ಬಿಡಿ," ಎಂದರು ಕೌಂಟರಿನ ಆಚೆ ಸ್ಟೂಲಿನ ಮೇಲೆ ಕುಳಿತಿದ್ದ ನಿವೃತ್ತ ಬಸ್ ಕಂಡಕ್ಟರು. ಬಿಚ್ಚುತ್ತಿದ್ದ ಪ್ಯಾಂಟು ಅವರದೇ. "ನನ್ನ ಮಗಳು ಸರ್ಕಾರಿ ಮನೆಗೆ ಅರ್ಜಿ ಹಾಕಿ ನಾಲ್ಕು ವರ್ಷ ಆಯ್ತು. ಒಬ್ಬ ಬಂದು ಹಿಂದೆ ಹದಿನೈದು ಜನಾನ ತೋರಿಸಿ ಎಲ್ಲಾ ನಮ್ಮೋರೇ ಅಂದ್ರೆ ಎಲ್ಲಿಗೆ ಹೋಗೋದು?"

"ಹದಿನೈದು ಜನಾನ ನೀವು ಎಲ್ಲಿ ನೋಡಿದ್ರಿ?" ಎಂದರು ಕಟಿಂಗ್ ಮಾಸ್ಟರು, ಕತ್ತರಿಯಿಂದ ಕಣ್ಣೆತ್ತದೆ.

"ಮಾತಿಗೆ ಹೇಳ್ದೆ." ಕಂಡಕ್ಟರು ಸೊಸೆಯ ಕಡೆ ತಿರುಗಿ ಮೆತ್ತಗಾದರು. "ನಿನ್ನ ವಿಷಯ ಅಲ್ಲಮ್ಮ ನಾನು ಹೇಳಿದ್ದು. ನೀನು ದುಡಿದು ತಿನ್ನೋಳು."

ಅವರು ಹೋದ ಮೇಲೆ ಮಾಸ್ಟರು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಹತ್ತಿರ ಬಂದರು. "ತಂಗೀ, ಗಡಿ ದಾಟಿದಾಗ ನಿಮ್ಮ ಚೀಟೀಲಿ ಏನಂತ ಬರ್ಕೊಂಡ್ರು?"

"ಇಬ್ಬರು ಹೆಂಗಸರು, ಜೊತೆಗೆ ಬಂದವರು ಅಂತ. ಅಷ್ಟೇ."

"ಸಂಬಂಧ ಬರ್ಕೊಂಡಿಲ್ವಾ?"

"ಸಂದರ್ಶನದಲ್ಲಿ ಕೇಳ್ತಾರಂತೆ."

"ಮತ್ತಿನ್ನೇನು? ಮಗಳು ಅಂದ್ಬಿಡಿ. ಊರಲ್ಲಿ ಕಾಗದ ಪತ್ರ ಎಲ್ಲಾ ಸುಟ್ಟುಹೋಗಿದೆ. ನಿಮ್ಮ ಅತ್ತೆ ಬಾಯಿಂದ ಬಂದಿದ್ದೇ ದಾಖಲೆ."

ಅತ್ತೆ ಸೊಸೆ ಇದ್ದದ್ದು ಹಳೆಯ ಹೋಟೆಲೊಂದರ ಮೂರನೇ ಮಹಡಿಯಲ್ಲಿ. ಹೋಟೆಲು ಮುಚ್ಚಿದ ಮೇಲೆ ಆಶ್ರಯ ಕೇಳಿ ಬಂದವರನ್ನು ಅಲ್ಲಿ ತುಂಬಿದ್ದರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಪಡಸಾಲೆಯ ತುದಿಯಲ್ಲಿ ಎಲ್ಲರಿಗೂ ಸೇರಿ ನಾಲ್ಕು ಒಲೆ. ಅಲ್ಲಿಗೆ ಬಂದು ಅವರಿಗೆ ನಾಲ್ಕು ವರ್ಷವಾಗಿತ್ತು. ಅತ್ತೆಯ ಒಬ್ಬನೇ ಮಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ. ಮದುವೆಯಾದ ಏಳನೇ ತಿಂಗಳಿಗೆ, ಯುದ್ಧದ ನಡುವೆ ಊರಿಗೆ ಕರೆಂಟು ಕೊಡಲೆಂದು ಕಂಬ ಹತ್ತಿದವನು ಗುಂಡಿಗೆ ಬಲಿಯಾದ. ಆಮೇಲೆ ಊರು ಬಿಟ್ಟು, ನಾಲ್ಕು ವರ್ಷ ಗಡಿಯ ಶಿಬಿರದಲ್ಲಿ ಕಳೆದು ಇಲ್ಲಿಗೆ ಬಂದವರು ಇವರಿಬ್ಬರು. ಏಳು ತಿಂಗಳ ಗಂಡನಿಗಿಂತ ಒಂಬತ್ತು ವರ್ಷದ ಅತ್ತೆಯೇ ಸೊಸೆಗೆ ಹೆಚ್ಚು ಪರಿಚಿತ. ಯಾವ ಮಂಡಿ ನೋಯುತ್ತದೆ, ಯಾವ ಮಾತಿಗೆ ಮುಖ ಊದಿಸಿಕೊಳ್ಳುತ್ತಾಳೆ, ಎಲ್ಲವೂ ಗೊತ್ತು. ಇಬ್ಬರಿಗೂ ದಿನಕ್ಕೊಂದು ಜಗಳವಿಲ್ಲದೆ ಊಟ ಸೇರುತ್ತಿರಲಿಲ್ಲ.

ಮಾಸ್ಟರ ಸಲಹೆಯನ್ನು ಹೇಳಿದಾಗ ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ಮಗಳಂತೆ! ನನ್ನ ಮಗಳಾಗಿದ್ರೆ ಅನ್ನ ಹೀಗೆ ಮುದ್ದೆ ಮಾಡಿಡ್ತಿದ್ಯಾ?"

"ತಮಾಷೆ ಬೇಡ ಅತ್ತೆ. ನಾನು ಸೊಸೆ ಅಂದ್ರೆ ನಿಮ್ಮನ್ನ ಇಲ್ಲಿ ಇಟ್ಕೊಂಡು ನನ್ನ ಕಳಿಸಿಬಿಡ್ತಾರೆ."

ಅತ್ತೆ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ನಾನು ಹೆತ್ತಿದ್ದು ಒಬ್ಬನ್ನ," ಎಂದಳು. "ಅವನಿಗೆ ಮದುವೆ ಮಾಡಿ ನಿನ್ನ ಮನೆ ತುಂಬಿಸ್ಕೊಂಡೆ. ಈಗ ನಿನ್ನ ಮಗಳು ಅಂದ್ರೆ ಅವನನ್ನ ಏನನ್ನಲಿ? ಹುಟ್ಟಲೇ ಇಲ್ಲ ಅನ್ನಲಾ, ಮದುವೇನೇ ಆಗ್ಲಿಲ್ಲ ಅನ್ನಲಾ? ಅವನು ಇದ್ದ ಅನ್ನೋದಕ್ಕೆ ಇನ್ನೇನು ಉಳಿದಿದೆ, ನೀನೊಬ್ಬಳು ಬಿಟ್ರೆ?"

ಸೊಸೆಗೆ ಮುಂದೆ ಒತ್ತಾಯಿಸುವ ಧೈರ್ಯ ಬರಲಿಲ್ಲ. "ಬಿಡಿ ಅತ್ತೆ. ಇದ್ದದ್ದನ್ನ ಇದ್ದ ಹಾಗೇ ಹೇಳೋಣ," ಎಂದಳು.

ಹಾಗೆಂದಳೇ ಹೊರತು ಅಂದಿನಿಂದ ಅವಳ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಒಂದು ಅಂಗಿಯ ಕಾಜಾಗಳನ್ನು ಗುಂಡಿಯ ಪಟ್ಟಿಗೇ ಹೊಲಿದಳು. ಮಾಸ್ಟರು ಅದನ್ನು ಬಿಚ್ಚಿಕೊಟ್ಟರು. ಬಾಗಿಲು ತಟ್ಟಿದ ಸದ್ದಾದರೆ ಬೆಚ್ಚಿಬೀಳುತ್ತಿದ್ದಳು. ಅತ್ತೆಯೂ ಆ ದಿನಗಳಲ್ಲಿ ವಿಚಿತ್ರವಾಗಿ ಸುಮ್ಮನಾಗಿದ್ದಳು. ಕಿಟಕಿಯ ಬಳಿ ಕುಳಿತು ತುಟಿ ಅಲ್ಲಾಡಿಸುತ್ತ ಏನನ್ನೋ ಗುನುಗುತ್ತಿದ್ದಳು. ಕೇಳಿದರೆ, "ದೇವರ ಹೆಸರು ಹೇಳೋದಕ್ಕೂ ನಿನ್ನ ಅಪ್ಪಣೆ ಬೇಕಾ?" ಎನ್ನುತ್ತಿದ್ದಳು.

ಸಂದರ್ಶನದ ದಿನ ಕಚೇರಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದರು. ಅಲ್ಲಿನ ಮಾತು ಬಾರದ ಅತ್ತೆಯ ಜೊತೆ ದುಭಾಷಿ ಹೋದ. ಸೊಸೆಯ ಎದುರು ಕುಳಿತ ಅಧಿಕಾರಿಣಿಗೆ ನೆಗಡಿಯಾಗಿತ್ತು. ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಮೂಗು ಒರೆಸುತ್ತಲೇ ಕೇಳಿದಳು: "ಅವರು ನಿಮಗೆ ಏನಾಗಬೇಕು?"

ಒಂದು ಕ್ಷಣ 'ಅಮ್ಮ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಂಬದ ಮೇಲಿದ್ದವನ ಮುಖ ಅಡ್ಡ ಬಂತು.

"ಅತ್ತೆ," ಎಂದಳು ಸೊಸೆ. "ನನ್ನ ಗಂಡನ ತಾಯಿ."

ಅಧಿಕಾರಿಣಿ ಬರೆದುಕೊಂಡಳು. ಆಮೇಲೆ ಸಣ್ಣಪುಟ್ಟ ಪ್ರಶ್ನೆಗಳು. ಅವರು ಯಾವ ಮಗ್ಗುಲಿಗೆ ಮಲಗುತ್ತಾರೆ? ಏನು ತಿಂದರೆ ಆಗುವುದಿಲ್ಲ? ಜಗಳ ಯಾತಕ್ಕೆ ಬರುತ್ತದೆ? ಸೊಸೆ ಎಲ್ಲದಕ್ಕೂ ಉತ್ತರಿಸಿದಳು.

ಮುಕ್ಕಾಲು ಗಂಟೆ ಹೊರಗೆ ಬೆಂಚಿನ ಮೇಲೆ ಕೂರಿಸಿ, ಮತ್ತೆ ಒಳಗೆ ಕರೆದರು. ಅತ್ತೆ ಆಗಲೇ ಅಲ್ಲಿ ಕುಳಿತಿದ್ದಳು, ಪರೀಕ್ಷೆ ಚೆನ್ನಾಗಿ ಬರೆದು ಬಂದವರ ಗತ್ತಿನಲ್ಲಿ.

"ಒಂದು ತೊಂದರೆ ಇದೆ," ಎಂದಳು ಅಧಿಕಾರಿಣಿ. "ನೀವು ಸೊಸೆ ಅಂತ ಹೇಳಿದ್ರಿ. ಇವರು ನಿಮ್ಮನ್ನ ತಾನೇ ಹೆತ್ತ ಮಗಳು ಅಂತಾರೆ."

ದುಭಾಷಿ ತನ್ನ ಟಿಪ್ಪಣಿ ನೋಡಿ ಓದತೊಡಗಿದ. ಬಿಸಿಗಾಳಿಯ ತಿಂಗಳಲ್ಲಿ, ಎರಡು ದಿನ ನೋವು ತಿಂದು ಹೆತ್ತದ್ದು. ಮಗು ಅಳಲಿಲ್ಲವೆಂದು ಸೂಲಗಿತ್ತಿ ಬೆನ್ನಿಗೆ ತಟ್ಟಿದ್ದು. ಹಲ್ಲು ಬರುವಾಗ ಭೇದಿ. ಎಡಗಾಲಿನ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ. ಮೊದಲ ದಿನ ಶಾಲೆಗೆ ಕಳಿಸಿದರೆ ಅರ್ಧ ದಾರಿಯಿಂದ ಓಡಿ ಬಂದದ್ದು.

ಸೊಟ್ಟ ಕಿರುಬೆರಳು ಅವಳದೇ. ಉಳಿದದ್ದೆಲ್ಲ ಮಗನ ಕತೆ ಎಂದು ಸೊಸೆಗೆ ತಟ್ಟನೆ ಹೊಳೆಯಿತು. ಅರ್ಧ ದಾರಿಯಿಂದ ಓಡಿ ಬಂದವನು ಅವನು. ಒಂಬತ್ತು ವರ್ಷದಲ್ಲಿ ಆ ಕತೆಯನ್ನು ಅವಳು ನೂರು ಸಲ ಕೇಳಿದ್ದಳು.

ಅವಳ ಮುಖ ನೋಡಿ ಅತ್ತೆಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. "ಏನೇ? ನೀನೇನು ಹೇಳ್ದೆ?"

"ಸೊಸೆ ಅಂದೆ."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಹನ್ನೆರಡು ದಿನ ಕೂತು ಬಾಯಿಪಾಠ ಮಾಡಿದ್ದೀನಿ ನಾನು!"

"ಇದ್ದದ್ದನ್ನೇ ಹೇಳೋಣ ಅಂದಿದ್ದೆವಲ್ಲ ಅತ್ತೆ!"

"ನೀನು ಅಂದೆ. ನಾನು ಹೂಂ ಅಂದ್ನಾ? ನಿನಗೆ ಮೊದಲೇ ಹೇಳಿದ್ರೆ ಮುಖ ನೋಡಿದ ತಕ್ಷಣ ಯಾರಿಗಾದರೂ ಗೊತ್ತಾಗ್ತಿತ್ತು. ಅದಕ್ಕೆ ಹೇಳ್ಲಿಲ್ಲ."

"ಹೇಳದೆ ಇದ್ರೆ ನನಗೆ ಹೇಗೆ ಗೊತ್ತಾಗಬೇಕು?"

"ಮುದುಕಿ ಏನೋ ಯೋಚನೆ ಮಾಡ್ತಿದ್ದಾಳೆ ಅಂತ ತಿಳ್ಕೊಬಾರದಾ?"

ಇದನ್ನೆಲ್ಲ ಹೇಳಬೇಕೋ ಬೇಡವೋ ಎಂದು ದುಭಾಷಿ ಅಧಿಕಾರಿಣಿಯ ಮುಖ ನೋಡಿದ. "ಹೇಳಿ," ಎಂದಳು ಆಕೆ. ಅವನು ಹೇಳಿದ. ಆಕೆ ನಗಲಿಲ್ಲ.

"ಸುಳ್ಳು ಹೇಳಿಕೆ ಕೊಟ್ರೆ ಇಬ್ಬರ ಅರ್ಜೀನೂ ವಜಾ ಮಾಡಬಹುದು. ಇದು ಗೊತ್ತಾ ನಿಮಗೆ? ಯಾಕೆ ಹೀಗೆ ಹೇಳಿದ್ರಿ?"

ಅತ್ತೆಯ ಗತ್ತು ಇಳಿದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ನಿಮ್ಮ ಕಾಗದದಲ್ಲಿ ಸೊಸೆಗೆ ಜಾಗ ಇಲ್ಲ ಅಂದ್ರು. ಮಗಳಿಗೆ ಇದೆಯಂತೆ. ಬದುಕಿರೋಳು ಉಳೀಲಿ ಅಂತ ಸತ್ತವನ್ನ ಒಂದು ಗಂಟೆ ಮರೆತೆ. ಅವನೇನೂ ಅಂದ್ಕೊಳ್ಳಲ್ಲ. ತಪ್ಪು ನಂದು, ಇವಳದ್ದಲ್ಲ. ಕಳಿಸೋದಾದ್ರೆ ನನ್ನ ಕಳಿಸಿ."

ಅಧಿಕಾರಿಣಿ ಕನ್ನಡಕ ಇಳಿಸಿಕೊಂಡಳು.

"ನಿಯಮ ಮಾಡೋದು ನಾನಲ್ಲ. ಎರಡೂ ಹೇಳಿಕೆ ಬರೀಲೇಬೇಕು. ಇವರು ತಾವಾಗೇ ಸರಿಪಡಿಸಿದ್ರು ಅಂತಾನೂ ಬರೀತೀನಿ." ಫೈಲಿನಿಂದ ಬೇರೊಂದು ಹಾಳೆ ತೆಗೆದಳು. "ಮೆಟ್ಟಿಲು ಹತ್ತೋಕೆ ಆಗುತ್ತಾ ಇವರಿಗೆ? ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ? ಸ್ನಾನಕ್ಕೆ ನೀರು ಯಾರು ಹಾಕ್ತಾರೆ?"

ಅದು ಏತಕ್ಕೆಂದು ಸೊಸೆಗೆ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ ಹೇಳಿದಳು. ಎಲ್ಲದಕ್ಕೂ ಉತ್ತರ 'ನಾನು' ಎಂದೇ ಆಯಿತು.

ಉತ್ತರ ಬರಲು ಆರು ವಾರ ಹಿಡಿಯಿತು. ಲಕೋಟೆಯನ್ನು ಒಡೆಯುವ ಧೈರ್ಯವಿಲ್ಲದೆ ಸೊಸೆ ಅದನ್ನು ಅಂಗಡಿಗೆ ತಂದಳು. ಮಾಸ್ಟರು ಬಟ್ಟೆ ತರಲು ಹೋಗಿದ್ದರು. ಕಂಡಕ್ಟರು ಇನ್ನೊಂದು ಪ್ಯಾಂಟಿಗಾಗಿ ಬಂದು ಕುಳಿತಿದ್ದರು. "ಕೊಡಮ್ಮ ಇಲ್ಲಿ, ನಾನು ಓದ್ತೀನಿ," ಎಂದು ಕೈಚಾಚಿದರು.

ಅತ್ತೆಗೆ ಕಾಯಂ ವಾಸದ ಪರವಾನಗಿ ಸಿಕ್ಕಿತ್ತು. ಸೊಸೆಗೂ ಇರಲು ಅನುಮತಿ ಇತ್ತು.

"ಆಯ್ತಲ್ಲ!" ಎಂದರು ಕಂಡಕ್ಟರು ನಿಜವಾದ ಖುಷಿಯಿಂದ. "ಇರೋಕೆ ಬಿಟ್ರಲ್ಲಮ್ಮ, ಇನ್ನೇನು ಬೇಕು!" ಆಮೇಲೆ ಎರಡನೇ ಪುಟ ತಿರುಗಿಸಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು. ಸೊಸೆಗೆ ಅನುಮತಿ ಕೊಟ್ಟದ್ದು ಆರೈಕೆ ಮಾಡುವವಳೆಂದು, ಆರೈಕೆ ಪಡೆಯುವವರ ಜೀವಿತಾವಧಿಗೆ ಮಾತ್ರ. ಅವರು ತೀರಿಕೊಂಡ ಮೂವತ್ತು ದಿನದೊಳಗೆ ಅವಳು ದೇಶ ಬಿಡಬೇಕು.

ಕಂಡಕ್ಟರು ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. ಕಾಗದ ಮಡಿಸಿ ಲಕೋಟೆಗೆ ಹಾಕಿ ಕೊಟ್ಟರು. ಆಮೇಲೆ ಎದ್ದು ಹೋದರು. ಪ್ಯಾಂಟು ಕೌಂಟರಿನ ಮೇಲೇ ಉಳಿಯಿತು.

ಸೊಸೆ ಅತ್ತೆಗೆ ಮೊದಲ ಪುಟವನ್ನಷ್ಟೇ ಹೇಳಿದಳು. ಅತ್ತೆ ಪಡಸಾಲೆಯವರಿಗೆಲ್ಲ ಸಕ್ಕರೆ ಹಂಚಿದಳು.

ಅಂದಿನಿಂದ ಸೊಸೆಗೆ ನೆಮ್ಮದಿ ಎನ್ನುವುದು ಹೊರಟೇಹೋಯಿತು. ಅತ್ತೆ ಕೆಮ್ಮಿದರೆ ಓಡಿ ಬರುವಳು. ಕಿಟಕಿ ತೆರೆದಿದ್ದರೆ ಮುಚ್ಚುವಳು, ಮುಚ್ಚಿದ್ದರೆ ಗಾಳಿ ಬೇಕೆಂದು ತೆರೆಯುವಳು. ಬೆಳಗಾಗುತ್ತಲೇ ಅತ್ತೆಯ ಮೂಗಿನ ಬಳಿ ಬೆರಳಿಟ್ಟು ನೋಡುವಳು. ಮೆಟ್ಟಿಲು ಇಳಿಯಲು ಬಿಡಳು. ಜಗಳವನ್ನೂ ಬಿಟ್ಟಳು, ರಕ್ತದ ಒತ್ತಡ ಏರಬಾರದಲ್ಲ ಎಂದು. "ನಾನೇನು ಗಾಜಿನ ಬಳೇನಾ?" ಎಂದು ಅತ್ತೆ ರೇಗುತ್ತಿದ್ದಳು. "ಬೈದರೆ ತಿರುಗಿ ಬೈಯೋಳೂ ಇಲ್ಲದ ಮೇಲೆ ಇದೆಂಥಾ ಮನೆ!"

ಚಳಿ ಹಿಡಿದ ಎರಡನೇ ವಾರ ಅತ್ತೆಗೆ ಜ್ವರ ಬಂತು. ಮೂರನೇ ದಿನಕ್ಕೆ ಅದು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದರು. "ವಯಸ್ಸಾಗಿದೆ, ನೋಡೋಣ," ಎಂದಷ್ಟೇ ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋದರು. ಸೊಸೆ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು, ಹೊದಿಕೆಯ ಏರಿಳಿತವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ಹೋಯಿತು. ಇವತ್ತಿನಿಂದ ಮೂವತ್ತು ದಿನ ಎಂದರೆ ಮುಂದಿನ ತಿಂಗಳು ಎಷ್ಟನೇ ತಾರೀಖು ಎಂದು ಮನಸ್ಸು ತಾನಾಗಿ ಎಣಿಸಿತು. ಎಣಿಸಿದ್ದು ಅರಿವಾದ ಕೂಡಲೇ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿ, ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಏನೇ ಅದು ಗಲಾಟೆ?" ಅತ್ತೆ ಕಣ್ಣು ತೆರೆಯದೆ ಕೇಳಿದಳು. ಆಗ ಮಧ್ಯಾಹ್ನ ಮೂರು ಗಂಟೆ. ಕಿಟಕಿಯ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. "ನಾನು ಸತ್ರೆ ಮೂವತ್ತು ದಿನಕ್ಕೆ ನಿನ್ನ ಕಳಿಸ್ತಾರೆ. ಅದಕ್ಕೆ ತಾನೆ?"

ಸೊಸೆಯ ಅಳು ಅಲ್ಲೇ ನಿಂತಿತು. "ನಿಮಗೆ ಯಾರು ಹೇಳಿದ್ದು?"

"ಕಾಗದ ಬಂದ ಮಾರನೇ ದಿನ ಪಕ್ಕದ ಕೋಣೆಯವಳ ಹತ್ತಿರ ಓದಿಸ್ದೆ. ಎರಡು ಪುಟ ಇರೋ ಕಾಗದಾನ ನೀನು ಒಂದೇ ಮಾತಲ್ಲಿ ಮುಗಿಸಿದ್ರೆ ನನಗೆ ಅನುಮಾನ ಬರಲ್ವಾ?"

"ಮತ್ತೆ ಸುಮ್ಮನೆ ಯಾಕಿದ್ರಿ?"

"ನೀನು ಸುಮ್ಮನಿದ್ಯಲ್ಲ."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಬಿಸಿಯಾಗಿತ್ತು, ಒಣಗಿತ್ತು. "ಅತ್ತೆ, ಒಂದು ಮಾತು ಹೇಳ್ಲಾ? ನಿಮಗೋಸ್ಕರ ಅಳ್ತಿದ್ದೀನೋ ನನಗೋಸ್ಕರ ಅಳ್ತಿದ್ದೀನೋ ನನಗೇ ಗೊತ್ತಾಗ್ತಿಲ್ಲ."

ಅತ್ತೆ ಕಣ್ಣು ತೆರೆದಳು. "ಇಬ್ಬರಿಗೂ ಸೇರಿಸಿ ಅಳು. ಬೇರೆ ಬೇರೆ ಅಳೋಕೆ ಪುರುಸೊತ್ತೆಲ್ಲಿದೆ?"

ಎಂಟು ದಿನಕ್ಕೆ ಜ್ವರ ಇಳಿಯಿತು. ಆ ಎಂಟು ದಿನದಲ್ಲಿ ಮಾಸ್ಟರು ಒಬ್ಬ ವಕೀಲರನ್ನು ಹುಡುಕಿ, ಸೊಸೆಯ ಹೆಸರಿನಲ್ಲಿ ಇಲ್ಲಿಂದಲೇ ಪ್ರತ್ಯೇಕ ಅರ್ಜಿ ಹಾಕಲು ದಾರಿಯಿದೆಯೇ ಎಂದು ಕೇಳಿ ಬಂದಿದ್ದರು. ದಾರಿ ಇತ್ತು. ಆರೈಕೆಯ ಪರವಾನಗಿಯ ಮೇಲೆ ಐದು ವರ್ಷ ಇದ್ದವರು ಸ್ವಂತ ಹಕ್ಕಿನಿಂದ ಅರ್ಜಿ ಹಾಕಬಹುದಂತೆ, ಅಷ್ಟರೊಳಗೆ ನಿಯಮ ಮತ್ತೆ ಬದಲಾಗದಿದ್ದರೆ. ಶಾಸನಸಭೆಯಲ್ಲಿ ಆ ಬಗ್ಗೆ ಇನ್ನೂ ಜಗ್ಗಾಟ ನಡೆದೇ ಇತ್ತು. ಹತ್ತು ವರ್ಷ ಮಾಡಿ ಎನ್ನುವವರಿದ್ದರು, ತೆಗೆದೇಹಾಕಿ ಎನ್ನುವವರೂ ಇದ್ದರು.

ಗಂಜಿ ಹಿಡಿದು ಮಂಚದ ಪಕ್ಕದಲ್ಲಿ ಕುಳಿತ ಸೊಸೆ ಇದೆಲ್ಲವನ್ನೂ ಈ ಸಲ ಏನನ್ನೂ ಬಚ್ಚಿಡದೆ ಹೇಳಿದಳು. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವಳಿಗೆ ಈಗ ಎಪ್ಪತ್ತಮೂರು.

"ಎಪ್ಪತ್ತೆಂಟು," ಎಂದಳು. "ನಮ್ಮಮ್ಮ ಎಪ್ಪತ್ತಾರಕ್ಕೇ ಹೋದಳು."

ಸೊಸೆ ಚಮಚ ಮುಂದೆ ಹಿಡಿದಳು. ನಾಲ್ಕು ದಿನದಿಂದ ಎರಡು ಗುಟುಕಿಗೇ ಮುಖ ತಿರುಗಿಸುತ್ತಿದ್ದ ಅತ್ತೆ ಆ ಚಮಚವನ್ನು ಪಕ್ಕಕ್ಕೆ ಸರಿಸಿ, ಬಟ್ಟಲನ್ನೇ ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟಳು. ಸ್ವಲ್ಪ ಗಂಜಿ ಗದ್ದದ ಮೇಲೆ ಇಳಿಯಿತು. ಉಸಿರು ಎಳೆದುಕೊಳ್ಳಲು ಎರಡು ಸಲ ನಿಂತಳು. ತಳದವರೆಗೆ ಕುಡಿದು ಬಟ್ಟಲನ್ನು ಸೊಸೆಯ ಕೈಗಿಟ್ಟಳು.

"ಉಪ್ಪೇ ಹಾಕಿಲ್ಲವಲ್ಲೇ," ಎಂದಳು. "ಹೋಗು, ಇನ್ನೊಂದು ಬಟ್ಟಲು ತಗೊಂಡು ಬಾ."