ಸೀಗಡಿ ಚಟ್ನಿಗೆ ನಾಲ್ಕು ಇಂಗ್ಲಿಷ್ ಪದಗಳು

೧

ಎಲ್ಲಿಂದ ಶುರು ಮಾಡಲಿ? ‘ನಾಸಿಕದ ಅಂಬಡ್‌ನಲ್ಲಿ ಸುಧಾಕರ ಶೆಟ್ಟರ ಶುದ್ಧ ಸಸ್ಯಾಹಾರಿ ಹೋಟೆಲು’ ಎಂದು ಬರೆದೆ, ಹೊಡೆದು ಹಾಕಿದೆ. ತಳಮಳ ಇರುವುದು ಅವರ ಮಗಳು ನಿಶ್ಮಿತಾಳಿಗೆ. ನಾಳೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಅವಳ ಡೆಮೊ ಕ್ಲಾಸು. ಸ್ಟೆಲ್ತಿ, ಫರ್ಟಿವ್, ಸರೆಪ್ಟಿಷಸ್, ಕ್ಲ್ಯಾಂಡೆಸ್ಟೈನ್, ಇವುಗಳ ವ್ಯತ್ಯಾಸ ಮಕ್ಕಳ ತಲೆಗೆ ಹತ್ತಿದರೆ ಕೆಲಸ ಸಿಕ್ಕಂತೆ. ಡಿಕ್ಷನರಿಯೋ, ನಾಲ್ಕಕ್ಕೂ ‘ಗುಟ್ಟಾಗಿ’ ಎಂದು ಕೈತೊಳೆದುಕೊಂಡಿದೆ.

೨

ಉದಾಹರಣೆ ಮನೆಯಲ್ಲೇ ಇತ್ತು. ಹೋಟೆಲಿನ ಮೇಲಿನ ಮನೆಯಲ್ಲಿ ಮೀನು, ಮಾಂಸ ಕೂಡದೆಂಬುದು ಕಟ್ಟಡದ ಮಾಲೀಕ ಶಶಿಕಾಂತ ಸೇಠರ ಕರಾರು. ಶೆಟ್ಟರೋ, ಒಣಸೀಗಡಿ ಚಟ್ನಿ ಇಲ್ಲದೆ ಊಟಕ್ಕೆ ಕೂರುವವರಲ್ಲ. ಸೀಗಡಿ ಪೊಟ್ಟಣ ಬಗಲಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾರೆ: ಸ್ಟೆಲ್ತಿ, ಕಾಲಿನ ಕೆಲಸ. ಕಿಟಕಿಯತ್ತ ಕಣ್ಣು ಹಾಯಿಸಿ ಬೆವರುತ್ತಾರೆ: ಫರ್ಟಿವ್. ಒಮ್ಮೆ ಸೇಠರು ಎದುರಿಗೇ ಕೂತಿದ್ದಾಗ ಚಟ್ನಿಯನ್ನು ಮೆಲ್ಲಗೆ ಅನ್ನದಡಿಗೆ ಸರಿಸಿದ್ದರಲ್ಲ, ಆ ಕೈಚಳಕ ಸರೆಪ್ಟಿಷಸ್. (ಪುಣ್ಯಕ್ಕೆ ಸೇಠರಿಗೆ ನೆಗಡಿಯಾಗಿತ್ತು.) ಇನ್ನು ಸಂಭಾಜಿನಗರದ ವಾಳೂಜ್‌ನಲ್ಲಿ ಹೋಟೆಲು ನಡೆಸುವ ಸೋದರಮಾವ ಯತಿರಾಜ್ ಇಡ್ಲಿ ಅಕ್ಕಿಯ ಮೂಟೆಯಲ್ಲಿ ಸೀಗಡಿ ಹುದುಗಿಸಿ, ಬಸ್ಸಿಗೆ ಹಾಕಿ, ‘ಅಕ್ಕಿ ಹೊರಟಿತು’ ಎಂದು ಫೋನು ಮಾಡುವುದು ಕ್ಲ್ಯಾಂಡೆಸ್ಟೈನ್. ಅದಕ್ಕೆ ಇಡೀ ಕುಟುಂಬ ಬೇಕು.

೩

“ನೀವು ಎಂತ ಬರೀತಾ ಇದ್ದೀರಿ ಮಾರಾಯ್ರೆ?” ನಿಶ್ಮಿತಾಳ ತಾಯಿ ಅನಸೂಯ ಸೌಟು ಹಿಡಿದು ನನ್ನ ವಾಕ್ಯದೊಳಕ್ಕೇ ನುಗ್ಗಿದರು. “ಸೇಠರಿಗೆ ಗೊತ್ತಾದ್ರೆ ಹೋಟ್ಲೂ ಇಲ್ಲ, ಮನೆಯೂ ಇಲ್ಲ.”

“ಹೆಸರು ಬದಲಿಸುತ್ತೇನೆ.”

“ವಾಸನೆ ಬದಲಿಸ್ಲಿಕ್ಕೆ ಆಗ್ತದಾ?”

೪

ಡೆಮೊ. ‘ಒಬ್ಬ ಅಂಕಲ್’ನ ಕಥೆ ಹೇಳಿ ನಿಶ್ಮಿತಾ ಮಕ್ಕಳನ್ನು ಗೆದ್ದಳು. ಪರೀಕ್ಷಕರ ಸಾಲಿನಲ್ಲಿ ಟ್ರಸ್ಟಿ ಶಶಿಕಾಂತ ಸೇಠ್. (ಹೌದು, ಅವರೇ. ಸಣ್ಣ ಕಥೆ, ಹೊಸಬರಿಗೆ ಕುರ್ಚಿ ಇಲ್ಲ.) ಅವರು ಮರಾಠಿಯಲ್ಲಿ ಕೇಳಿದರು: “ಯಾರಮ್ಮ ಈ ಅಂಕಲ್?”

ಅಂತ್ಯ ಒಂದು: ನಿಜ ಹೇಳಿದಳು, ಕೆಲಸ ಸಿಕ್ಕಿತು, ಮನೆ ಹೋಯಿತು.

ಅಂತ್ಯ ಎರಡು: ತೊದಲಿದಳು, ಮನೆ ಉಳಿಯಿತು, ಕೆಲಸ ಹೋಯಿತು.

ಅಂತ್ಯ ಮೂರು: ಸೇಠರೇ ಬಾಯಿ ಚಪ್ಪರಿಸಿದರು. (ನೀವು ಮೊದಲೇ ಊಹಿಸಿಬಿಟ್ಟಿರಿ. ಹೊಡೆದು ಹಾಕಿದೆ.)

೫

“ಪ್ಲೀಸ್ ಯಾರ್, ಪಪ್ಪನನ್ನು ಫಸಾಯಿಸ್ಬೇಡಿ, ಸಿಕ್ಕಿಸಿ ಹಾಕ್ಬೇಡಿ,” ಎಂದಳು ನಿಶ್ಮಿತಾ.

ಹೆದರಬೇಡ ಎಂದೆ. ಸೇಠರಿಗೆ ಕನ್ನಡ ಬಾರದು. ಹಾಡುಹಗಲೇ ಅಚ್ಚಾದರೂ ಅಂಬಡ್‌ನಲ್ಲಿ ಇದು ಗುಟ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ?

“ಅದೆಲ್ಲ ಆಮೇಲೆ, ಪಹಿಲೇ ಓದಿ ಹೇಳಿ, ಎಂತ ಬರ್ದಿದ್ದೀರಿ?” ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಅವಳದೇ ಕಥೆ, ಅವಳಿಗೂ ಗುಟ್ಟು. ಓದಿ ಹೇಳೋಣವೆಂದು ಬಾಯಿ ತೆರೆದೆ. ಅತ್ತ ನಾಲ್ಕನೆಯ ಭಾಗದಲ್ಲಿ ಸೇಠರು ಅವಳ ಉತ್ತರಕ್ಕೆ ಇನ್ನೂ ಕಾಯುತ್ತಿದ್ದರು.